ಸೋಪಿನ ಡಬ್ಬಿಯ ಸ್ವಿಚ್ಚು

ಡಾಕ್ಟರಮ್ಮನ ಫೋನು ಬಂದಾಗ ನಾನು ಅಂಗಡಿಯಲ್ಲಿ ಯಾರದೋ ಯುಪಿಎಸ್ ಬಿಚ್ಚಿಕೊಂಡು ಕೂತಿದ್ದೆ. "ರೀ, ನಿಮ್ಮ ಕಂಪ್ಯೂಟರು ಕೂಗ್ತಾ ಇದೆ, ಬೇಗ ಬನ್ನಿ" ಎಂದರು. ಕಂಪ್ಯೂಟರು ಕೆಟ್ಟಿದ್ದನ್ನು ನಮ್ಮ ಜನ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನಿದ್ದೆ ಹೋಗಿದೆ, ಮುನಿಸಿಕೊಂಡಿದೆ, ಉಸಿರೇ ಇಲ್ಲ ಎಂದೆಲ್ಲ ಕೇಳಿದ್ದೇನೆ. ಕೂಗುತ್ತಿದೆ ಎಂದವರು ಅವರೇ ಮೊದಲು. ಏನು ಹಾಗೆಂದರೆ ಎಂದು ಕೇಳುವಷ್ಟರಲ್ಲಿ ಫೋನಿನ ಹಿಂದಿನಿಂದ ಕುಂಯ್ ಎಂಬ ಸದ್ದು ಎದ್ದು ನನ್ನ ಕಿವಿ ತೂತು ಮಾಡಿತು. ಸ್ಕ್ರೂ ಡ್ರೈವರು ಜೇಬಿಗೆ ಹಾಕಿಕೊಂಡು ಹೊರಟೆ.

ಅದು ತಿಪಟೂರಿಗೆ ಬ್ರಾಡ್‌ಬ್ಯಾಂಡು ಬಂದ ಹೊಸತು. ಅವತ್ತು ಕೊಬ್ಬರಿ ಹರಾಜಿನ ದಿನ ಬೇರೆ. ಮಾರುಕಟ್ಟೆ ರಸ್ತೆಯ ತುಂಬ ಲಾರಿಗಳು ಅಡ್ಡಡ್ಡ ನಿಂತಿದ್ದರಿಂದ ಸ್ಕೂಟರನ್ನು ಒಂದು ಮಂಡಿಯ ಮುಂದೆ ಬಿಟ್ಟು ನಡೆದೇ ನರ್ಸಿಂಗ್ ಹೋಮು ತಲುಪಿದೆ. ಮೂಲೆಯ ಕೋಣೆಯಲ್ಲಿ ಡ್ರೆಸ್ಸಿಂಗ್ ಟ್ರಾಲಿಯ ಮೇಲೆ ನಾನೇ ಜೋಡಿಸಿ ಕೊಟ್ಟಿದ್ದ ಕಂಪ್ಯೂಟರು ಕೂತಿತ್ತು. ದಪ್ಪ ಮಾನಿಟರು, ಅದರ ತಲೆಯ ಮೇಲೆ ವೆಬ್‌ಕ್ಯಾಮು, ಎರಡೂ ಪಕ್ಕ ಸ್ಪೀಕರು. ಮೇಜಿನ ಮೈಕನ್ನು ಮಾತ್ರ ತೆಗೆದು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದರು. ಮಂಚದಲ್ಲಿ ಒಬ್ಬರು ಅಂಗಾತ ಮಲಗಿದ್ದರು. ಸುತ್ತ ಅವರ ಕಡೆಯವರು.

ಮಲಗಿದ್ದವರು ಬೋರನಕಣಿವೆ ಕಡೆಯ ಒಂದು ಹಟ್ಟಿಯವರು. ಕುರಿ ಸಾಕುವುದರ ಜೊತೆಗೆ ಸುತ್ತಲ ತೋಟಗಳಲ್ಲಿ ತೆಂಗಿನಕಾಯಿ ಕೀಳುವ ಕೆಲಸ ಮಾಡುತ್ತಿದ್ದವರು. ಮರದ ತಲೆಯಲ್ಲಿ ಒಣ ಗರಿಯ ಬುಡ ಹಿಡಿದಿದ್ದಾರೆ, ಅದು ಕಿತ್ತುಕೊಂಡು ಬಂದು ಕೆಳಕ್ಕೆ ಬಿದ್ದಿದ್ದಾರೆ. ಡಾಕ್ಟರಮ್ಮ ನನ್ನನ್ನು ವರಾಂಡಕ್ಕೆ ಕರೆದು ವಿಷಯ ಹೇಳಿದರು. ಸೊಂಟದ ಮೇಲಿನ ಒಂದು ಬೆನ್ನೆಲುಬು ಒಡೆದಿದೆ. ಒಳಗಿನ ಹುರಿ ಪೂರ್ತಿ ಕೆಟ್ಟಿಲ್ಲ, ಕಾಲ್ಬೆರಳುಗಳು ಅಷ್ಟಿಷ್ಟು ಅಲ್ಲಾಡುತ್ತಿವೆ. ಬೆಂಗಳೂರಿಗೆ ಕಳಿಸಿ ಆಪರೇಷನ್ ಮಾಡಿಸಬೇಕು. ಆದರೆ ಪಕ್ಕೆಲುಬು ಮುರಿದು ಎದೆಯೊಳಗೆ ರಕ್ತ ತುಂಬಿಕೊಂಡು, ಅದನ್ನು ತೆಗೆಯಲು ನಳಿಕೆ ಹಾಕಿದ್ದಾರೆ. ಉಸಿರು ಸ್ತಿಮಿತಕ್ಕೆ ಬರುವವರೆಗೆ ದಾರಿಗೆ ಹಾಕುವ ಹಾಗಿಲ್ಲ.

"ಅಲ್ಲಿವರೆಗೆ ಅವರು ಹಲಗೆ ಥರ ಮಲಗಿರಬೇಕು ಕಣ್ರೀ. ಬೆನ್ನು ಒಂದು ಸಲ ಮಡಚಿತು ಅಂದ್ರೆ ಕಾಲು ಹೋಯ್ತು ಅಂತಲೇ ತಿಳ್ಕೊಳ್ಳಿ" ಎಂದರು.

ಬೆಂಗಳೂರಿನಲ್ಲಿ ಅವರ ಜೊತೆ ಓದಿದ ಬೆನ್ನೆಲುಬಿನ ಡಾಕ್ಟರೊಬ್ಬರಿದ್ದರು. ಅವರು ದಿನಾ ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ಬಂದು ಕ್ಯಾಮರಾದಲ್ಲಿ ಕಾಲ್ಬೆರಳು ನೋಡಿ ಸಲಹೆ ಕೊಡುವುದೆಂದು ಏರ್ಪಾಡಾಗಿತ್ತು. ಫೋನಿನಲ್ಲಿ ಬೆರಳು ಕಾಣುವುದಿಲ್ಲವಲ್ಲ, ಅದಕ್ಕೇ ಈ ಟ್ರಾಲಿ. ಕೂಗಿಗೆ ಕಾರಣ ಕಷ್ಟದ್ದೇನೂ ಆಗಿರಲಿಲ್ಲ. ಸ್ಪೀಕರಿನಿಂದ ಬಂದ ದನಿಯನ್ನೇ ಮೈಕು ಮತ್ತೆ ಹಿಡಿದು ಸ್ಪೀಕರಿಗೆ ಕೊಡುತ್ತಿತ್ತು. ಸ್ಪೀಕರನ್ನು ಗೋಡೆಯ ಕಡೆ ತಿರುಗಿಸಿ, ದನಿ ಇಳಿಸಿ, ಮೈಕನ್ನು ಮಂಚದ ತಲೆಯ ಕಡೆಗೆ ಸರಿಸಿದೆ. ಕೂಗು ನಿಂತಿತು.

ಆದರೆ ಡಾಕ್ಟರಮ್ಮನಿಗೆ ಬೇಕಾಗಿದ್ದು ಅಷ್ಟೇ ಅಲ್ಲ. ಮನೆಯವರು ಕೇಳುವುದಕ್ಕೆ ಬೆಂಗಳೂರಿನವರು ಉತ್ತರ ಹೇಳುವಾಗ ದನಿ ಸ್ಪೀಕರಿನಲ್ಲಿ ಬರಬೇಕು. ಡಾಕ್ಟರು ಡಾಕ್ಟರು ಮಾತಾಡಿಕೊಳ್ಳುವಾಗ ಹೆಡ್‌ಸೆಟ್ಟಿನಲ್ಲಿ ಬರಬೇಕು. "ಕಾಲು ಪೂರ್ತಿ ವಾಪಸ್ ಬರತ್ತೋ ಇಲ್ವೋ ಅನ್ನೋದನ್ನ ಈಗಲೇ ಅವರ ಮುಂದೆ ಆಡಬಾರದು ಅಂತ ಬೆಂಗಳೂರಿನ ಡಾಕ್ಟರು ಹೇಳಿದ್ದಾರೆ. ಧೈರ್ಯ ಕಳ್ಕೊಂಡ್ರೆ ಗುಣ ಆಗಲ್ಲ. ಕಣ್ಣು ಮಿಟುಕಿಸೋದರಲ್ಲಿ ಆಚೆ ಈಚೆ ಆಗಬೇಕು, ಅಂಥದ್ದೇನಾದ್ರೂ ಮಾಡಿಕೊಡಿ" ಎಂದರು. ಅದೇನು ಮಹಾ ಎಂದುಕೊಂಡೆ.

ಮೊದಲ ದಿನ ನಾನು ಮಾಡಿದ್ದು ಬರೀ ಕೂಲಿ ಕೆಲಸ. ಕ್ಯಾಬಿನೆಟ್ಟಿನ ಹಿಂದೆ ಸದ್ದು ಬರುವ ಹಸಿರು ತೂತು ಇರುವುದು ಒಂದೇ. ಟ್ರಾಲಿಯ ಹಿಂದೆ ಮಂಡಿಯೂರಿ ಕೂತು, ಡಾಕ್ಟರಮ್ಮ ಕಣ್ಸನ್ನೆ ಮಾಡಿದಾಗ ಸ್ಪೀಕರಿನ ಪಿನ್ನು ಕಿತ್ತು ಹೆಡ್‌ಸೆಟ್ಟಿನದನ್ನು ಚುಚ್ಚುವುದು, ಮತ್ತೆ ಸನ್ನೆ ಮಾಡಿದರೆ ಅದನ್ನು ಕಿತ್ತು ಇದನ್ನು ಚುಚ್ಚುವುದು. ಕತ್ತಲು ಮೂಲೆ, ಕೈಗೆ ಸಿಕ್ಕಿದ್ದೆಲ್ಲ ಒಂದೇ ಥರದ ಕರಿ ವೈರು. ಮೂರನೇ ಸಲಕ್ಕೆ ನನ್ನ ಮೊಣಕೈ ತಗುಲಿ ನೆಟ್ಟಿನ ವೈರು ಕಳಚಿಕೊಂಡಿತು. ಆಗ ಬೆಂಗಳೂರಿನವರು ಸ್ಪೀಕರಿನಲ್ಲಿ "ನೋಡಿ, ಇವರ ವಿಷಯದಲ್ಲಿ ನಾವೀಗ" ಎನ್ನುತ್ತಿದ್ದರು. ಮಾತು ಅಲ್ಲಿಗೇ ನಿಂತುಹೋಯಿತು.

ರೋಗಿಯ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಕೆಯ ತಮ್ಮ, ಎತ್ತರದ ಆಳು, ಟ್ರಾಲಿಯ ಹಿಂದೆ ಬಗ್ಗಿ ನನ್ನನ್ನು ದುರುಗುಟ್ಟಿ ನೋಡಿದ. "ಏನಂದ್ರು? ಇವರ ಇಸ್ಯದಲ್ಲಿ ಏನಂತೆ?" ಎಂದ. ನಾನು ವೈರು ಚುಚ್ಚಿ ಮತ್ತೆ ಸಂಪರ್ಕ ಕೂಡಿಸುವವರೆಗೆ ಆತ ಅಲ್ಲಿಂದ ಕದಲಲಿಲ್ಲ. ಬೆಂಗಳೂರಿನವರು ವಾಪಸು ಬಂದು "ಆತುರ ಪಡಬಾರದು ಅಂತ ಹೇಳ್ತಿದ್ದೆ" ಎಂದು ಮುಗಿಸಿದರು.

ಮಾರನೆಯ ದಿನ ಬೆಳಿಗ್ಗೆಯೇ ಹೋಗಿ ಟ್ರಾಲಿಯನ್ನು ವರಾಂಡಕ್ಕೆ ಎಳೆದುಕೊಂಡು ಕ್ಯಾಬಿನೆಟ್ಟು ಬಿಚ್ಚಿದೆ. ಮುಂಭಾಗದಲ್ಲಿಯೂ ಹೆಡ್‌ಸೆಟ್ಟಿಗೆಂದು ಒಂದು ತೂತು ಇತ್ತು, ಆದರೆ ಅದರ ವೈರುಗಳನ್ನು ಒಳಗೆ ಎಲ್ಲಿಗೂ ಕೊಟ್ಟಿರಲಿಲ್ಲ. ನಮ್ಮ ಕಡೆ ಕಂಪ್ಯೂಟರು ಜೋಡಿಸುವವರು ಆ ವೈರುಗಳಿಗೆ ರಬ್ಬರ್ ಬ್ಯಾಂಡು ಸುತ್ತಿ ಬಿಟ್ಟುಬಿಡುತ್ತಾರೆ. ಜೋಡಿಸಿದವನು ನಾನೇ ಆದ್ದರಿಂದ ಬೈಯಲು ಯಾರೂ ಸಿಗಲಿಲ್ಲ. ಮದರ್‌ಬೋರ್ಡಿನ ಸದ್ದಿನ ಪಿನ್ನುಗಳ ಮೇಲೆ ಅಕ್ಕಿಕಾಳಿನಷ್ಟು ಎರಡು ಟೋಪಿಗಳಿರುತ್ತವೆ. ಸದ್ದನ್ನು ಹಿಂದಿನ ತೂತಿಗೆ ಸೇರಿಸುವುದು ಅವೇ. ಅವನ್ನು ಕಿತ್ತು ಆ ಜಾಗಕ್ಕೆ ಮುಂದಿನ ವೈರುಗಳನ್ನು ಕೂಡಿಸಿದರೆ ಸದ್ದು ಮೊದಲು ಮುಂದಕ್ಕೆ ಹೋಗಿ, ಅಲ್ಲಿಂದ ತಿರುಗಿ ಹಿಂದಕ್ಕೆ ಬರುತ್ತದೆ. ಮುಂದಿನ ತೂತಿಗೆ ಪಿನ್ನು ಹಾಕಿದೊಡನೆ ಆ ದಾರಿ ಕಡಿದು ಹಿಂದಿನ ಸ್ಪೀಕರು ತಾನಾಗಿಯೇ ಬಾಯಿ ಮುಚ್ಚುತ್ತದೆ. ಟೋಪಿಗಳು ಮುಂದೆ ಬೇಕಾದೀತೆಂದು ಕ್ಯಾಬಿನೆಟ್ಟಿನ ಒಳಗೋಡೆಗೆ ಟೇಪು ಹಾಕಿ ಅಂಟಿಸಿದೆ.

ಪರೀಕ್ಷೆಯಲ್ಲಿ ಚೆನ್ನಾಗಿಯೇ ನಡೆಯಿತು. ಕೆಟ್ಟದ್ದು ಮಧ್ಯಾಹ್ನ. ಅಗ್ಗದ ಕ್ಯಾಬಿನೆಟ್ಟಿನ ಆ ತೂತು ಸಡಿಲವಾಗಿತ್ತು. ಡಾಕ್ಟರಮ್ಮ ಹೆಡ್‌ಸೆಟ್ಟು ಹಾಕಿಕೊಂಡೇ ರೋಗಿಯ ಕಡೆ ತಿರುಗಿದರು, ವೈರು ಜಗ್ಗಿ ಪಿನ್ನು ಅರ್ಧ ಹೊರಗೆ ಬಂತು, ಸ್ಪೀಕರು ಟಪ್ ಎಂದು ಪಟಾಕಿ ಹೊಡೆದಂತೆ ಸಿಡಿಯಿತು. ಮಲಗಿದ್ದ ಮನುಷ್ಯ ಬೆಚ್ಚಿ ಹೆಗಲೆತ್ತಿಬಿಟ್ಟರು. "ಅಯ್ಯಪ್ಪಾ" ಎಂದರು. ಡಾಕ್ಟರಮ್ಮ ಹೆಡ್‌ಸೆಟ್ಟು ಬಿಸಾಕಿ ಎರಡೂ ಕೈಯಿಂದ ಅವರ ಹೆಗಲನ್ನು ಹಾಸಿಗೆಗೆ ಒತ್ತಿ ಹಿಡಿದರು.

"ಅಲ್ಲಾಡಬೇಡಿ. ಹಾಗೇ ಇರಿ. ಈಗ ಬೆರಳು ಅಲ್ಲಾಡಿಸಿ ನೋಡೋಣ" ಎಂದರು.

ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಎಡಗಾಲಿನದು ಸುಮ್ಮನೆ ಇತ್ತು. ಎಲ್ಲರೂ ಆ ಒಂದು ಬೆರಳನ್ನೇ ನೋಡುತ್ತ ನಿಂತೆವು. ಕೊನೆಗೆ ಅದೂ ಸ್ವಲ್ಪ ಮಿಸುಕಿತು. ಅಷ್ಟು ಹೊತ್ತು ನಾನು ಯಾವ ಯಾವ ದೇವರಿಗೆ ಹೇಳಿಕೊಂಡೆನೋ ನೆನಪಿಲ್ಲ. ವರಾಂಡದಲ್ಲಿ ಡಾಕ್ಟರಮ್ಮ ದನಿ ಏರಿಸದೆಯೇ ನನ್ನ ನೀರಿಳಿಸಿದರು. "ಇದು ಕಾಯಿ ಮಂಡಿಯಲ್ಲ ಕಣ್ರೀ, ಬಾಗಿಲು ಬಡಿದ ಹಾಗೆ ಸದ್ದು ಮಾಡಕ್ಕೆ. ಆಗಲ್ಲ ಅಂದ್ರೆ ಹೇಳಿಬಿಡಿ" ಎಂದರು. ಆಗಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ಸಿಟ್ಟು ಬಂದಿತ್ತು, ಅದು ನನ್ನ ಮೇಲೋ ಅವರ ಮೇಲೋ ತಿಳಿಯಲಿಲ್ಲ.

ಆ ಸಂಜೆ ಅಂಗಡಿಯಲ್ಲಿ ಸರಿಯಾದ ಕೆಲಸಕ್ಕೆ ಕೂತೆ. ಪಿನ್ನು ಕೀಳುವ ಹಾಕುವ ಗೊಡವೆಯೇ ಇರಬಾರದು, ಎರಡೂ ಯಾವಾಗಲೂ ಚುಚ್ಚಿಕೊಂಡೇ ಇರಬೇಕು, ನಡುವೆ ಒಂದು ಸ್ವಿಚ್ಚು ಇರಬೇಕು. ಹಳೇ ಟೇಪ್ ರೆಕಾರ್ಡರಿನಿಂದ ಆರು ಕಾಲಿನ ಸ್ವಿಚ್ಚು ಒಂದನ್ನು ಬಿಚ್ಚಿದೆ. ನಡುವಿನ ಎರಡು ಕಾಲಿಗೆ ಕಂಪ್ಯೂಟರಿನಿಂದ ಬರುವ ಎಡದ ಸದ್ದು, ಬಲದ ಸದ್ದು. ಒಂದು ತುದಿಯ ಎರಡು ಕಾಲು ಸ್ಪೀಕರಿಗೆ, ಇನ್ನೊಂದು ತುದಿಯವು ಹೆಡ್‌ಸೆಟ್ಟಿಗೆ. ಟಪ್ ಎನ್ನುವ ಸದ್ದು ಸಾಯಲೆಂದು ಸ್ಪೀಕರಿನ ಕಡೆ ಒಂದೊಂದು ರೆಸಿಸ್ಟರು ಕೂಡಿಸಿದೆ. ಇದನ್ನೆಲ್ಲ ಕೂರಿಸಲು ಪೆಟ್ಟಿಗೆ ಬೇಕಲ್ಲ, ಮನೆಯಿಂದ ಹಸಿರು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ ತಂದು ಬೆಸುಗೆ ಕಡ್ಡಿಯಿಂದಲೇ ತೂತು ಸುಟ್ಟೆ. ಮನೆಯಲ್ಲಿ ಸೋಪು ಆ ದಿನದಿಂದ ಕಿಟಕಿಯ ಮೇಲೆ.

ಉಳಿದದ್ದು ಮೈಕು. ಮೈಕುಗಳೂ ಎರಡಾಗಿದ್ದವು, ಹೆಡ್‌ಸೆಟ್ಟಿನದೊಂದು, ರೋಗಿಯ ತಲೆದೆಸೆಯದೊಂದು. ಅವನ್ನೂ ಇದೇ ಸ್ವಿಚ್ಚಿನಲ್ಲಿ ಬದಲಾಯಿಸಬೇಕಾದರೆ ಇನ್ನೂ ಹೆಚ್ಚು ಕಾಲಿನ ಸ್ವಿಚ್ಚು ಬೇಕಾಗಿತ್ತು, ಸಿಗಲಿಲ್ಲ. ಒಂದು ಕವಲು ವೈರು ಹಾಕಿ ಎರಡನ್ನೂ ಒಟ್ಟಿಗೇ ಕೂಡಿಸಿಬಿಟ್ಟೆ. ಯಾರು ಮಾತಾಡಿದರೂ ಬೆಂಗಳೂರಿಗೆ ಕೇಳಿಸುತ್ತದೆ, ಒಳ್ಳೆಯದೇ ಆಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಬೆರಳ ತುದಿಯಲ್ಲಿ ಸ್ವಿಚ್ಚು ಒತ್ತಿದರು. ಸ್ಪೀಕರು ತಣ್ಣಗಾಯಿತು, ದನಿ ಅವರ ಕಿವಿಗೆ ಹೋಯಿತು. ಈ ಕಡೆ ಒತ್ತಿದರು, ಕೋಣೆಗೆ ಬಂತು. ಸದ್ದಿಲ್ಲ, ಗದ್ದಲವಿಲ್ಲ. "ಇದು ನೋಡಿ ಕೆಲಸ ಅಂದ್ರೆ" ಎಂದರು. ಅವರು ಹಾಗೆಲ್ಲ ಹೊಗಳುವವರಲ್ಲ. ನಾನು ಬಾಗಿಲ ಚೌಕಟ್ಟಿಗೆ ಒರಗಿ, ಕರೆಯದಿದ್ದರೂ ಆ ದಿನ ಪೂರ್ತಿ ನಿಂತು ನೋಡಿದೆ.

ನೋಡಿದ್ದರಿಂದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಮೊದಲ ದಿನ, ಸ್ಪೀಕರಿನಲ್ಲಿ ಮಾತು ನಡೆದಾಗ, ಈ ಜನ ಬೆಂಗಳೂರಿನವರನ್ನು ಗದರಿಸುವ ಹಾಗೆ ಪ್ರಶ್ನೆ ಕೇಳಿದ್ದರು. ಈಗ ಯಾರೂ ಏನೂ ಕೇಳುತ್ತಿರಲಿಲ್ಲ. ಡಾಕ್ಟರಮ್ಮ ಹೆಡ್‌ಸೆಟ್ಟು ಹಾಕಿಕೊಂಡ ಕೂಡಲೇ ಹಟ್ಟಿಯ ಯಜಮಾನರು, ಬಿಳಿ ಮೀಸೆಯ ಹಿರಿಯರು, ಹೆಗಲ ಕಂಬಳಿ ಸರಿಮಾಡಿಕೊಂಡು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಮಲಗಿದ್ದ ಮನುಷ್ಯ ಮಾತ್ರ ಎಲ್ಲಿಗೆ ಹೋಗಬೇಕು. ಅವರು ಕಣ್ಣು ಮಿಟುಕಿಸದೆ ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದರು. ಡಾಕ್ಟರಮ್ಮನ ಹುಬ್ಬು ಗಂಟಾದರೆ ಅವರ ಹುಬ್ಬೂ ಗಂಟಾಗುತ್ತಿತ್ತು. ಗಂಜಿ ಬೇಡವೆನ್ನುತ್ತಿದ್ದಾರೆ ಎಂದು ನರ್ಸು ಹೇಳಿದರು. ಹೆಂಡತಿಯನ್ನು ಹತ್ತಿರ ಕರೆದು, ಕರಿ ಮೇಕೆ ದೊಡ್ಡ ಮಗಳಿಗೆ ಕೊಡು, ಬಾಯಿ ಬಡ್ಕೊಂಡು ಅಳಬೇಡ ಎಂದದ್ದು ನನ್ನ ಕಿವಿಗೇ ಬಿತ್ತು. ನೋವಿನಲ್ಲಿ ಏನೋ ಆಡುತ್ತಾರೆ ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಅದರ ಮಾರನೆಯ ದಿನ ಡಾಕ್ಟರಮ್ಮ ಹೆಡ್‌ಸೆಟ್ಟಿನಲ್ಲಿ ಕೇಳಿಸಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ ಮಂಚದ ಕಡೆ ತಿರುಗಿ ನೋಡಿದರು. ಮಾತು ಮುಗಿಸಿ, ಹೆಡ್‌ಸೆಟ್ಟು ತೆಗೆದಿಟ್ಟು, ನನ್ನನ್ನು ಔಷಧಿ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ನಿಮ್ಮ ಮೈಕು ಆಫ್ ಆಗಲ್ವೇನ್ರೀ?"

"ಯಾವ ಮೈಕು ಮೇಡಂ?"

"ಮಂಚದ ಹತ್ತಿರ ಇರೋದು. ನಾನು ಹೆಡ್‌ಸೆಟ್ ಹಾಕ್ಕೊಂಡಾಗ ಅಲ್ಲಿ ಅವರು ಪಿಸುಗುಟ್ಟೋದೆಲ್ಲ ಬೆಂಗಳೂರಿಗೆ ಕೇಳಿಸ್ತಾ ಇದೆ. ಈಗ ಅವರೇ ನನಗೆ ಹೇಳಿದ್ರು. ನಾಳೆ ಮಧ್ಯಾಹ್ನ ನಾನು ಹೊರಗಿನ ರೋಗಿಗಳನ್ನ ನೋಡ್ತಿರೋವಾಗ ಇವರು ಗಾಡಿ ತರ್ತಾರಂತೆ. ಕಂಬಳಿಯಲ್ಲಿ ಎತ್ಕೊಂಡು ಹೋಗಿ ಮೂಳೆ ಕೂರಿಸೋರ ಹತ್ತಿರ ಬಿಡ್ತಾರಂತೆ."

ಮೂಳೆ ಕೂರಿಸುವವರನ್ನು ನಾನು ಹೀಗಳೆಯುವುದಿಲ್ಲ, ನನ್ನ ಮುಂಗೈ ಮುರಿದಾಗ ಕೂರಿಸಿದವರು ಅಂಥವರೇ. ಆದರೆ ಇದು ಕೈಯಲ್ಲ. ಕಂಬಳಿಯ ನಾಲ್ಕು ಮೂಲೆ ಹಿಡಿದು ಎತ್ತಿದರೆ ಮನುಷ್ಯ ನಡುವೆ ಜೋಲುತ್ತಾನೆ, ಬೆನ್ನು ಮಡಚುತ್ತದೆ. ಅವರ ಕೈಗೆ ಸೇರುವ ಮೊದಲೇ ಕಾಲಿನ ಕಥೆ ಮುಗಿದಿರುತ್ತದೆ. "ಬೇಡ ಅಂತ ತಡೀರಿ ಮೇಡಂ" ಎಂದೆ.

"ಅವರ ಮನುಷ್ಯ ಕಣ್ರೀ. ನಾವು ಕರ್ಕೊಂಡು ಹೋಗ್ತೀವಿ ಅಂದ್ರೆ ಕಟ್ಟಿಹಾಕಕ್ಕಾಗತ್ತಾ? ಎದೆ ಒಣಗ್ತಾ ಬಂದಿದೆ, ನಾಳೆ ಇನ್ನೊಂದು ಎಕ್ಸ್‌ರೇ ಸರಿ ಬಂದ್ರೆ ಬೆಂಗಳೂರಿಗೆ ನಾನೇ ಕಳಿಸ್ತಿದ್ದೆ. ಒಂದೇ ಒಂದು ದಿನ. ಏನು ಕಡಿಮೆ ಮಾಡಿದೀನಿ ಇವರಿಗೆ?"

ಮೈಕು ಸರಿಮಾಡುವ ಕೆಲಸ ಬಿಟ್ಟು ಸೀದಾ ಅಂಗಳಕ್ಕೆ ಹೋದೆ. ಹೊಂಗೆ ಮರದ ಕೆಳಗೆ ಯಜಮಾನರು ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಗೊತ್ತಿಲ್ಲದವನ ಹಾಗೆ ನಟಿಸುವುದು ನನಗೆ ಬರುವುದಿಲ್ಲ. ನಾಳೆ ಗಾಡಿ ತರುತ್ತೀರಂತೆ, ಯಾಕೆ ಎಂದು ಕೇಳಿಯೇ ಬಿಟ್ಟೆ. ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಸುಣ್ಣದ ಬೆರಳನ್ನು ಕಾಂಡಕ್ಕೆ ಒರೆಸಿದರು.

"ಕೂತ್ಕಳಪ್ಪ ಕಂಪ್ಯೂಟ್ರಪ್ಪ. ನಮ್ ಹಟ್ಟೀಲಿ ಒಬ್ರ ಬದುಕಿನ ಮಾತು ಅಂತ ಬಂದ್ರೆ ಕೂಟ ಸೇರ್ತೀವಿ. ಕೂಟದಾಗೆ ಯಾರೂ ಯಾರ ಕಿವೀಗೂ ಬಾಯಿ ಇಡಂಗಿಲ್ಲ. ಕೆಟ್ಟದೋ ಒಳ್ಳೇದೋ ಎಲ್ರ ಮುಂದೆ ಬಾಯ್ಬುಟ್ಟು ಹೇಳ್ಬೇಕು. ಒಬ್ರು ಕಿವಿ ಮಾತಾಡುದ್ರು ಅಂದ್ರೆ ಕೂಟ ಮುರೀತು, ಎದ್ದು ಹೋಗ್ತೀವಿ. ನಮ್ಮಪ್ಪನ ಕಾಲದಿಂದ್ಲೂ ಹಿಂಗೇಯ."

"ಇದು ಆಸ್ಪತ್ರೆ ಯಜಮಾನ್ರೇ, ಕೂಟ ಅಲ್ಲ."

"ಅಲ್ಲಿ ಮಲಗಿರೋನು ನಮ್ಮೋನಲ್ವಾ? ಮೊದಲ್ನೇ ದಿವ್ಸ ಆ ಬೆಂಗಳೂರಿನ್ ಡಾಕ್ಟ್ರು ಎಲ್ರ ಮುಂದೆ ಮಾತಾಡುದ್ರು. ಯಂತ್ರ ನಾಯಿ ಊಳಿಟ್ಟಂಗೆ ಕೂಗ್ತಿತ್ತು, ಆದ್ರೂ ನಂಬ್ಕೆ ಬಂತು. ನೀನು ಆ ಸೋಪಿನ್ ಡಬ್ಬಿ ತಂದಿಟ್ಟೆ ನೋಡು, ಅವತ್ತಿಂದ ನಮ್ ಮುಂದೆ ಕೂತ್ಕಂಡೇ ಬರೀ ಕಿವಿ ಮಾತು. ಇನ್ನೇನ್ ನಂಬಾದು?"

"ಅದು ವೈದ್ಯದ ಮಾತು. ನಿಮಗೆ ಅರ್ಥ ಆಗಲ್ಲ" ಎಂದೆ ಸಿಟ್ಟಿನಲ್ಲಿ.

"ಅರ್ಥ ಆಗದಿರೋ ಮಾತನ್ನ ಮುಚ್ಚಿಟ್ಟು ಏನ್ ಬತ್ತದೆ? ಮುಚ್ಚಿಡ್ತಾವ್ರೆ ಅಂದ್ರೆ ಅರ್ಥ ಆಗೋದೇ ಇರ್ಬೇಕು" ಎಂದರು ಯಜಮಾನರು.

ಎರಡು ದಿನದಿಂದ ಆ ಡಬ್ಬಿಯನ್ನು ನೋಡಿ ನೋಡಿ ಬೀಗುತ್ತಿದ್ದೆನಲ್ಲ, ಆ ಸ್ವಿಚ್ಚು ಎಷ್ಟು ನಯವಾಗಿ ಕೆಲಸ ಮಾಡಿತೋ ಅಷ್ಟೇ ನಯವಾಗಿ ಈ ಜನರನ್ನು ಕೋಣೆಯಿಂದ ಹೊರಗೆ ಹಾಕಿತ್ತು. ಪಿನ್ನು ಕಿತ್ತು ಹಾಕುವಾಗ ನನ್ನ ಒದ್ದಾಟವಾದರೂ ಎಲ್ಲರಿಗೂ ಕಾಣುತ್ತಿತ್ತು. ನಾನು ಡಾಕ್ಟರಮ್ಮನ ಹತ್ತಿರ ಹೋಗಿ, ಮೈಕು ಸರಿಮಾಡುವುದು ಬೇಡ, ಹೆಡ್‌ಸೆಟ್ಟನ್ನೇ ತೆಗೆದುಬಿಡೋಣ ಎಂದೆ. ಯಜಮಾನರು ಹೇಳಿದ್ದನ್ನೂ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಕಾಲು ಬರದೇನೂ ಇರಬಹುದು ಅಂತ ಅವರ ಮುಖಕ್ಕೇ ಹೇಳಬೇಕಾ? ಆ ಮನುಷ್ಯ ಆಗಲೇ ಊಟ ಬಿಟ್ಟಿದಾರೆ. ನೀವು ನಿಮ್ಮ ವೈರು ನೋಡ್ಕೊಳ್ಳಿ" ಎಂದರು. ಅವರು ಹೇಳಿದ್ದೂ ತಪ್ಪು ಎನಿಸಲಿಲ್ಲ.

ಮಾರನೆಯ ದಿನ ಅವರು ಹೊರರೋಗಿಗಳನ್ನು ಬೆಳಿಗ್ಗೆಯೇ ಮುಗಿಸಿ, ಬೆಂಗಳೂರಿನವರನ್ನು ಮುಂಚಿತವಾಗಿಯೇ ಕರೆದರು. ಎದೆಯ ಎಕ್ಸ್‌ರೇ ತೆಗೆದು ಕಳಿಸಿಯಾಗಿತ್ತು. ನಾನು ಟ್ರಾಲಿಯನ್ನು ತಳ್ಳಿಕೊಂಡು ಬಂದು ವೈರು ಕೂಡಿಸುತ್ತಿದ್ದೆ. ಅಂಗಳದಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಹಟ್ಟಿಯ ಗಂಡಸರು ಟೆಂಪೋದಿಂದ ಇಳಿಯುತ್ತಿದ್ದರು. ಒಬ್ಬನ ಹೆಗಲ ಮೇಲೆ ಮಡಿಸಿದ ಕರಿ ಕಂಬಳಿ.

ಡಾಕ್ಟರಮ್ಮ ಅಭ್ಯಾಸದಂತೆ ಹೆಡ್‌ಸೆಟ್ಟು ಹಾಕಿಕೊಂಡರು. ಬೆಂಗಳೂರಿನವರು ಏನು ಹೇಳುತ್ತಿದ್ದರೋ ನಮಗೆ ಕೇಳಿಸದು. ಅಷ್ಟರಲ್ಲಿ ಆ ಗಂಡಸರು ಒಳಗೇ ಬಂದರು. ಯಜಮಾನರು ಮುಂದೆ, ರೋಗಿಯ ಭಾವಮೈದ, ಆ ಎತ್ತರದ ಆಳು, ಹಿಂದೆ. "ಅಮ್ಮಾವ್ರೇ, ನಾವು ನಮ್ಮೋನ್ನ ಕರ್ಕೊಂಡ್ ಹೋಗ್ತೀವಿ. ನಿಮ್ದೇನೂ ತಪ್ಪಿಲ್ಲ ಬುಡಿ" ಎಂದ ಭಾವಮೈದ. ಕಂಬಳಿಯನ್ನು ಬಿಡಿಸಿ ನಾಲ್ಕೂ ಮೂಲೆ ಹಿಡಿದರು. ಇಬ್ಬರು ರೋಗಿಯ ತಲೆಯ ಕಡೆ, ಇಬ್ಬರು ಕಾಲಿನ ಕಡೆ ಬಂದು ನಿಂತರು. ರೋಗಿಯ ಹೆಂಡತಿ ಗೋಡೆಗೆ ಆತುಕೊಂಡು ಯಾರ ಮುಖವನ್ನೂ ನೋಡದೆ ನಿಂತಿದ್ದರು.

ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಕೇಳದೆ ಒತ್ತುವ ಧೈರ್ಯ ಇರಲಿಲ್ಲ, ಸುಮ್ಮನಿರಲೂ ಆಗಲಿಲ್ಲ. ಕೋಣೆಗೆಲ್ಲ ಕೇಳುವ ಹಾಗೆ "ಮೇಡಂ, ದನಿ ಹೊರಗೆ ಹಾಕಲಾ?" ಎಂದೆ.

ಡಾಕ್ಟರಮ್ಮ ನನ್ನನ್ನು ನೋಡಿದರು.  ಆಮೇಲೆ ಮಂಚದಲ್ಲಿದ್ದವರನ್ನು ನೋಡಿದರು. ಆ ಮನುಷ್ಯ ಎಂದಿನಂತೆ ಅವರ ಮುಖವನ್ನೇ ಓದುತ್ತಿದ್ದರು. ಡಾಕ್ಟರಮ್ಮ ಹೆಡ್‌ಸೆಟ್ಟು ತೆಗೆದು ಟ್ರಾಲಿಯ ಕೆಳಗಿನ ತಟ್ಟೆಯಲ್ಲಿ ಇಟ್ಟರು. "ಹಾಕ್ರೀ" ಎಂದರು.

ಒತ್ತಿದೆ. ಬೆಂಗಳೂರಿನವರು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದದ್ದು ನಡುವಿನಿಂದ ಕೋಣೆಗೆ ಬಂತು. ಕೂಗು ಏಳಬಾರದೆಂದು ಮಂಚದ ತಲೆದೆಸೆಯ ಮೈಕನ್ನು ಎತ್ತಿ ಅಂಗೈಯಲ್ಲಿ ಮುಚ್ಚಿಕೊಂಡು, ಡಾಕ್ಟರಮ್ಮನ ಬಾಯಿಗೆ ಹಿಡಿದೆ. "ಸರ್, ಎಲ್ಲರೂ ಕೇಳಿಸ್ಕೊಳ್ತಾ ಇದ್ದಾರೆ. ಅವರೂ ಕೇಳಿಸ್ಕೊಳ್ತಾ ಇದ್ದಾರೆ. ಈಗ ನನಗೆ ಏನು ಹೇಳ್ತಿದ್ರೋ ಅದನ್ನೇ ಕನ್ನಡದಲ್ಲಿ ಹೇಳಿ" ಎಂದರು.

"ಎಲ್ಲಾನಾ?" ಎಂದಿತು ಬೆಂಗಳೂರಿನ ದನಿ.

"ಎಲ್ಲಾನೂ."

ಕಂಬಳಿಯ ಮೂಲೆ ಹಿಡಿದಿದ್ದವರು ಹಾಗೇ ನಿಂತರು. ಬೆಂಗಳೂರಿನವರು ಹೇಳತೊಡಗಿದರು. "ಎದೆ ಸರಿಯಾಗಿದೆ, ಇವತ್ತಿನ ಫಿಲಂ ನೋಡಿದೆ. ಈಗ ಇಲ್ಲಿಗೆ ತರಬಹುದು, ಆದರೆ ಹಲಗೆ ಮೇಲೆ ಮಲಗಿಸಿಯೇ ತರಬೇಕು. ಆಪರೇಷನ್ ಮಾಡ್ತೀನಿ. ಮಾಡಿದ ಮೇಲೂ ಕಾಲು ಮೊದಲಿನ ಹಾಗೆ ಬರತ್ತೆ ಅಂತ ನಾನು ಮಾತು ಕೊಡಲ್ಲ. ಕೋಲು ಹಿಡಿದು ನಡೀಬಹುದು. ನಡೀದೇನೂ ಇರಬಹುದು. ಮರ ಹತ್ತೋದು ಮಾತ್ರ ಇನ್ನು ಆಗಲ್ಲ. ಈಗ ಕಂಬಳಿಯಲ್ಲಿ ಎತ್ತಿದರೆ ಇವತ್ತು ಅಲ್ಲಾಡ್ತಿರೋ ಬೆರಳೂ ನಿಂತುಹೋಗತ್ತೆ. ಇಷ್ಟೇ ನನಗೆ ಗೊತ್ತಿರೋದು."

ನಾನು ಮೈಕನ್ನು ಯಜಮಾನರ ಮುಂದೆ ಹಿಡಿದೆ. ಅವರು ಅದಕ್ಕೆ ಮಾತಾಡಲಿಲ್ಲ. ಮಂಚದ ಕಡೆ ತಿರುಗಿದರು.

"ಕೇಳುಸ್ತೇನ್ಲಾ?"

"ಕೇಳುಸ್ತು ದೊಡ್ಡಪ್ಪ."

"ಏನಂತೀಯ?"

ಮಲಗಿದ್ದವರು ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿದರು. ಮೈಕನ್ನು ಅವರ ಬಾಯಿಯ ಹತ್ತಿರ ಒಯ್ದೆ. "ಸಾರ್" ಎಂದರು, "ಅಷ್ಟೇಯಾ?"

"ಅಷ್ಟೇ ಅಪ್ಪ. ಯಾಕೆ?"

"ಬರೀ ಕಾಲಿನ್ ಇಸ್ಯಾನಾ? ನಾನು ಸಾಯ್ತೀನಿ ಅಂದ್ಕಂಡಿದ್ದೆ. ಅಮ್ಮಾವ್ರು ಅದನ್ನ ಕಿವಿಗೆ ಹಾಕ್ಕಂಡು ದಿನಾ ನನ್ ಮುಖ ನೋಡೋರು. ಕುರಿ ಮರಿ ಎಲ್ಲಾ ಇವಳಿಗೆ ಒಪ್ಸಿ ಮಲಗಿವ್ನಿ" ಎಂದರು. ನಗಲು ಹೋಗಿ ಪಕ್ಕೆ ನೋವಿಗೆ ಮುಖ ಹಿಂಡಿದರು. ಕಣ್ಣಿನಿಂದ ನೀರು ಇಳಿದು ಎರಡೂ ಕಿವಿಯೊಳಗೆ ಹೋಯಿತು. ಅಂಗಾತ ಮಲಗಿದವರಿಗೆ ಅದನ್ನು ಒರೆಸಿಕೊಳ್ಳಲೂ ಆಗದು. ಒರೆಸಿದವರು ಡಾಕ್ಟರಮ್ಮ. ಅವರ ಕಣ್ಣೂ ಹನಿಗೂಡಿತ್ತು. ನನ್ನ ಅಂಗೈ ಸರಿದು ಮೈಕು ಒಮ್ಮೆ ಕುಂಯ್ ಎಂದಿತು, ಯಾರೂ ಬೈಯಲಿಲ್ಲ.

ಅವರ ಹೆಂಡತಿ ಗೋಡೆ ಬಿಟ್ಟು ಬಂದರು. "ಗಂಜಿ ಕೊಡ್ಲಾ?" ಎಂದು ಕೇಳಿದರು. "ಕೊಡು" ಎಂದರು ಅವರು.

ಯಜಮಾನರು ಕಂಬಳಿ ಹಿಡಿದಿದ್ದವರಿಗೆ "ಬುಡ್ರಲಾ" ಎಂದರು. ಆಮೇಲಿನದೆಲ್ಲ ಡಾಕ್ಟರಮ್ಮ ಹೇಳಿದಂತೆಯೇ ನಡೆಯಿತು. ಹಾಸಿಗೆಯ ಕೆಳಗಿದ್ದ ಹಲಗೆಯ ಸಮೇತ ಎತ್ತಬೇಕು, ತಲೆ ಸೊಂಟ ಕಾಲು ಎಲ್ಲ ಒಟ್ಟಿಗೇ ಏಳಬೇಕು. ಅದೇ ಗಂಡಸರೇ ಎತ್ತಿದರು. ಕಾಯಿ ತುಂಬಿದ ಚೀಲ ಹೊತ್ತು ಪಳಗಿದ ಹೆಗಲುಗಳು, ಒಂದಿಷ್ಟೂ ವಾಲಲಿಲ್ಲ. ಕರಿ ಕಂಬಳಿಯನ್ನು ಎರಡು ಸುರುಳಿ ಮಾಡಿ, ಮೈ ಹೊರಳದ ಹಾಗೆ ಅವರ ಎರಡೂ ಪಕ್ಕಕ್ಕೆ ಒತ್ತಿಟ್ಟು ಕಟ್ಟಿದರು. ಟೆಂಪೋ ಖಾಲಿ ವಾಪಸು ಹೋಯಿತು. ಆಂಬುಲೆನ್ಸು ಬೆಂಗಳೂರಿನ ದಾರಿ ಹಿಡಿಯಿತು, ಅದರಲ್ಲಿ ಯಜಮಾನರೂ ಹೋದರು. ಹೋಗುವ ಮುಂಚೆ ನನ್ನ ಕಡೆ ನೋಡಿ "ನೀನು ಕೂಟ ಕೂಡುಸ್ದೆ ಕಣಪ್ಪ" ಎಂದಷ್ಟೇ ಹೇಳಿದರು.

ಡಾಕ್ಟರಮ್ಮ ಡಬ್ಬಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅವರು ಆಮೇಲೆಯೂ ಬೆಂಗಳೂರಿನವರ ಜೊತೆ ಬೇರೆಯಾಗಿ ಮಾತಾಡುವುದಿತ್ತು, ಆದರೆ ಅದನ್ನು ತಮ್ಮ ಕೋಣೆಗೆ ಹೋಗಿ ಮಾಡುತ್ತಿದ್ದರು, ರೋಗಿಯ ಮುಂದೆ ಕೂತು ಅಲ್ಲ. ನಾನು ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸಿದ್ದ ಟೋಪಿಗಳನ್ನು ತೆಗೆದು ಮತ್ತೆ ಮದರ್‌ಬೋರ್ಡಿಗೆ ಹಾಕಿಕೊಟ್ಟೆ. ಡಬ್ಬಿ ನನ್ನ ಅಂಗಡಿಯ ಮೇಜಿಗೆ ಬಂತು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಎಸೆಯಲು ಮನಸ್ಸಾಗದೆ ನನ್ನ ಕಂಪ್ಯೂಟರಿನ ಸ್ಪೀಕರಿಗೂ ಹೆಡ್‌ಸೆಟ್ಟಿಗೂ ನಡುವೆ ಕೂಡಿಸಿಟ್ಟುಕೊಂಡೆ.

ಎಷ್ಟೋ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹೆಡ್‌ಸೆಟ್ಟು ಹಾಕಿಕೊಂಡು ಹಾಡು ಕೇಳುತ್ತ ಯಾವುದೋ ಬೋರ್ಡು ಬೆಸೆಯುತ್ತಿದ್ದೆ. ಬಾಗಿಲಿಗೆ ಯಾರು ಬಂದರೆಂದು ಕೇಳಿಸಿರಲಿಲ್ಲ. ಮೇಜಿನ ಮೇಲೆ ಏನೋ ಕುಟ್ಟಿದ ಹಾಗಾಗಿ ತಲೆಯೆತ್ತಿದೆ. ಮುಂದೆ ಒಂದು ಕೋಲಿನ ತುದಿ. ಕೋಲಿನ ಆಚೆ ತುದಿಯಲ್ಲಿ ಆ ಮಂಚದಲ್ಲಿ ಮಲಗಿದ್ದವರು ನಿಂತಿದ್ದರು. ಎಡಗಾಲನ್ನು ಸ್ವಲ್ಪ ಎಳೆದು ಇಟ್ಟಿದ್ದರು, ಆದರೆ ನಿಂತಿದ್ದರು. ಚಿಕ್ಕನಾಯಕನಹಳ್ಳಿ ಬಸ್ಸಿಗೆ ಬಂದರಂತೆ, ಡಾಕ್ಟರಮ್ಮನಿಗೆ ತೋರಿಸಿಕೊಂಡು ಹೋಗಲು.

ನಾನು ಎದ್ದು ನಿಂತೆ. ಅವರು ನನ್ನ ತಲೆಯ ಮೇಲಿದ್ದ ಹೆಡ್‌ಸೆಟ್ಟನ್ನು ನೋಡಿದರು. ಮೇಜಿನ ಮೇಲಿದ್ದ ಹಸಿರು ಡಬ್ಬಿಯನ್ನು ನೋಡಿದರು.

"ಏನ್ ಕಂಪ್ಯೂಟ್ರಪ್ಪ, ಒಬ್ನೇ ಕೇಳ್ತಾ ಇದ್ದೀಯ" ಎಂದರು. ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು, ಬಗ್ಗಿ, ತಾವೇ ಸ್ವಿಚ್ಚು ಒತ್ತಿದರು.